ವಾಡೆಯ ಕಪಾಟಿನ ಪಂಪ್ ರೈಫಲ್: ಕಿಮ್ಮತ್ತು ಎಲ್ಲಿದೆ, ಎಲ್ಲಿ ಕರಗುತ್ತದೆ

ಜಮಖಂಡಿ, ಮುಧೋಳ, ರಾಮದುರ್ಗದಂಥ ಹಳೆಯ ಸಂಸ್ಥಾನದ ಊರುಗಳಲ್ಲಿ, ದೇಸಗತಿಯ ವಾಡೆಗಳಿರುವ ಹಳ್ಳಿಗಳಲ್ಲಿ ಅಜ್ಜನ ಕಾಲದ ಬಂದೂಕು ಅಂದರೆ ಸಾಮಾನ್ಯವಾಗಿ 12 ಬೋರಿನ ಜೋಡುನಳಿಗೆಯೇ. ಅಪರೂಪಕ್ಕೆ ಅದರ ಪಕ್ಕದಲ್ಲಿ ಮುಂಗೈ ಹಿಡಿಯುವ ಕಟ್ಟಿಗೆಯನ್ನು ಹಿಂದೆ ಎಳೆದು ಮುಂದೆ ನೂಕಿ ಕಾಡತೂಸು ಏರಿಸುವ ಪಂಪ್ ರೈಫಲ್ ಇರುತ್ತದೆ. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ: ಇದಕ್ಕೆ ಎಷ್ಟು ಬರುತ್ತದೆ? ಅಮೆರಿಕದ ಹರಾಜಿನ ವಿಡಿಯೊ ನೋಡಿ ಡಾಲರನ್ನು ರೂಪಾಯಿಗೆ ಗುಣಿಸಿಕೊಂಡು ಕೂತವರೂ ಇದ್ದಾರೆ. ಆ ಗುಣಾಕಾರ ಇಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಕಿಮ್ಮತ್ತು ಮೊದಲು ಬಂದೂಕಿಗೆ. ನಮ್ಮಲ್ಲಿ ಮೊದಲು ಕಾಗದಕ್ಕೆ, ಆಮೇಲೆ ಕಾಡತೂಸಿಗೆ, ಕೊನೆಗೆ ಬಂದೂಕಿಗೆ. ಹಾಗಿದ್ದರೂ ಕೈಯಲ್ಲಿರುವುದು ಏನೆಂದು ತಿಳಿಯದೆ ಮಾತಿಗೆ ಕೂತರೆ ಎರಡೂ ಕಡೆ ಮೋಸ ಹೋಗುವುದು ಖಚಿತ.

ಮುಟ್ಟುವ ಮೊದಲು ಒಂದು ಮಾತು. ನಳಿಗೆಯ ಕೆಳಗೆ ಕಾಡತೂಸು ತುಂಬುವ ಕೊಳವೆಯಂಥ ಮ್ಯಾಗಜಿನ್ ಇರುವ ಬಂದೂಕು ಖಾಲಿಯಾಗಿದೆ ಅಂತ ಯಾರ ಬಾಯಿಮಾತನ್ನೂ ನಂಬಬಾರದು. ಹಳೆಯ ಸ್ಪ್ರಿಂಗ್ ಸೋತಿದ್ದರೆ ಕೊನೆಯ ಕಾಡತೂಸು ಕೊಳವೆಯಲ್ಲೇ ಉಳಿದು, ಮೂರು ಸಲ ಪಂಪ್ ಎಳೆದರೂ ಬಾರದೆ, ನಾಲ್ಕನೆಯ ಸಲ ಬರುತ್ತದೆ. ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಒಳಕೊಳವೆಯನ್ನು ಹೊರಗೆ ತೆಗೆದು, ಬಂದೂಕನ್ನು ವಾಲಿಸಿ, ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಕೋಣೆಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಪಂಪ್ ಅಲುಗದಿದ್ದರೆ ಬಲ ಹಾಕಬೇಡಿ. ಕುದುರೆ, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆ, ಎದ್ದಿದ್ದಾಗ ಕಟ್ಟಿಗೆ ಬಿಗಿದುಕೊಂಡಿರುವುದು ಈ ಬಂದೂಕುಗಳ ಗುಣ, ಅದನ್ನು ಬಿಡಿಸಲು ಬೇರೆ ಗುಂಡಿಯೋ ಸನ್ನೆಯೋ ಇರುತ್ತದೆ. ಎಲ್ಲಿದೆ ಎಂದು ಗೊತ್ತಾಗದಿದ್ದರೆ ಪರವಾನಗಿ ಇರುವ ಡೀಲರ್ ಹತ್ತಿರ ಒಯ್ಯುವುದೇ ಸರಿ.

ಎರಡನೆಯದು, ಅದು ರೈಫಲ್ಲೇ ಹೌದೋ ಎಂದು ನೋಡುವುದು. ನಮ್ಮ ಕಡೆ 'ಪಂಪ್' ಅಂದರೆ ಬಹುತೇಕ 12 ಬೋರಿನ ಪಂಪ್ ಬಂದೂಕು. ನಳಿಗೆಯೊಳಗೆ ಬೆಳಕು ಬಿಟ್ಟಾಗ ಸುರುಳಿ ಗೀರುಗಳು ಕಂಡರೆ ರೈಫಲ್, ಕನ್ನಡಿಯಂತೆ ನುಣುಪಾಗಿದ್ದರೆ ಅಲ್ಲ. ಹೆಸರೂ ದಾರಿ ತಪ್ಪಿಸುತ್ತದೆ: ವಿಂಚೆಸ್ಟರ್ ಮಾಡೆಲ್ 12 ಅನ್ನುವುದು ಛರ್ರೆ ಹಾರಿಸುವ ಶಾಟ್‌ಗನ್, ರೆಮಿಂಗ್ಟನ್ ಮಾಡೆಲ್ 12 ಅನ್ನುವುದು .22 ರೈಫಲ್. ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಗುಮಾಸ್ತರು ಬರೀ 'ಮಾಡೆಲ್ 12' ಎಂದು ಬರೆದಿಟ್ಟಿದ್ದರೆ ಮುಂದೆ ವಾರಸಾ ಬದಲಾವಣೆಯ ಹೊತ್ತಿಗೆ ಅದೇ ಗಂಟಾಗುತ್ತದೆ.

ಸಣ್ಣ ಬೋರಿನವು

ಪಂಪ್ ರೈಫಲ್‌ಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು .22 ಬೋರಿನವು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1890 ಇವಕ್ಕೆಲ್ಲ ಹಿರಿಯಣ್ಣ. 1932ರ ತನಕ ಎಂಟು ಲಕ್ಷಕ್ಕೂ ಹೆಚ್ಚು ತಯಾರಾದವು. ಜಾತ್ರೆಯ ಗುರಿ ಅಂಗಡಿಗಳಲ್ಲಿ ಹಗಲಿಡೀ ಹೊಡೆದು ಹೊಡೆದು ಸವೆದವೇ ಬಹಳ. ಹಾಗಾಗಿ ಮೂಲ ಬಣ್ಣ ಉಳಿದಿರುವ ಒಂದಕ್ಕೆ ಸವೆದ ಹತ್ತರ ಬೆಲೆ ಬಂದರೆ ಆಶ್ಚರ್ಯವಿಲ್ಲ. ಮೊದಲ ಸುಮಾರು 15 ಸಾವಿರ ಬಂದೂಕುಗಳು ಎರಡು ತುಂಡಾಗಿ ಬಿಚ್ಚಲು ಬಾರದ ಗಟ್ಟಿ ಚೌಕಟ್ಟಿನವು, ಸಂಗ್ರಾಹಕರು ಹುಡುಕುವುದು ಇವನ್ನೇ. ಆಮೇಲಿನವು ಪಕ್ಕದ ಸ್ಕ್ರೂ ತಿರುಗಿಸಿದರೆ ಎರಡಾಗುತ್ತವೆ. ಎರಡೂ ತುಂಡಿನ ಮೇಲಿನ ನಂಬರು ಒಂದೇ ಇರಬೇಕು. ಬೇರೆಯಾಗಿದ್ದರೆ ಎರಡು ಬಂದೂಕು ಸೇರಿಸಿ ಒಂದು ಮಾಡಿದ್ದಾರೆ ಅಂತಲೇ ಲೆಕ್ಕ.

1890 ಮಾಡೆಲ್‌ನಲ್ಲಿ ಗಮನಿಸಲೇಬೇಕಾದದ್ದು ನಳಿಗೆಯ ಮೇಲಿನ ಕಾಡತೂಸಿನ ಹೆಸರು. ಒಂದು ಬಂದೂಕು ಒಂದೇ ಬಗೆಯ ಕಾಡತೂಸಿಗೆ: .22 ಶಾರ್ಟ್, ಲಾಂಗ್, ಲಾಂಗ್ ರೈಫಲ್, ಇಲ್ಲವೇ .22 ಡಬ್ಲ್ಯೂಆರ್‌ಎಫ್ (ವಿಂಚೆಸ್ಟರ್ ರಿಮ್ ಫೈರ್). ಈ ಕೊನೆಯದರ ಚಿಪ್ಪು, ಅಂದರೆ ಮದ್ದು ತುಂಬಿದ ಲೋಹದ ಕವಚ, ಉಳಿದವಕ್ಕಿಂತ ದಪ್ಪ. '.22 ಅಲ್ಲವೇ' ಎಂದು ಅದರಲ್ಲಿ ಸಾದಾ ಲಾಂಗ್ ರೈಫಲ್ ಹಾಕಿದರೆ ತೆಳುಚಿಪ್ಪು ಸಡಿಲ ಕೋಣೆಯೊಳಗೆ ಒಡೆದು ಬಿಸಿಗಾಳಿ ಹಿಂದಕ್ಕೆ ನುಗ್ಗುತ್ತದೆ, ಕಣ್ಣಿಗೇ ಅಪಾಯ. 1906ರ ಮಾಡೆಲ್ ಈ ತೊಂದರೆ ತಪ್ಪಿಸಿತು: ಮೊದಮೊದಲಿನವು ಶಾರ್ಟ್‌ಗೆ ಮಾತ್ರ, 1908ರಿಂದ ಬಂದವು ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರನ್ನೂ ನುಂಗುತ್ತವೆ. 1932ರಲ್ಲಿ ಬಂದ ಮಾಡೆಲ್ 62ಕ್ಕೆ ಕುದುರೆ ಹೊರಗೆ ಕಾಣುತ್ತದೆ, ಅದೇ ವರ್ಷದ ಮಾಡೆಲ್ 61ಕ್ಕೆ ಒಳಗೆ ಅಡಗಿದೆ. 61 ಮುಟ್ಟಿದರೆ ನುಣುಪು, ಹೊಡೆಯಲು ಹಗುರ. ಒಳ್ಳೆಯ ಸ್ಥಿತಿಯದಾದರೆ ಅಮೆರಿಕದಲ್ಲಿ ಸಾವಿರ ಡಾಲರ್ ದಾಟುತ್ತದೆ. ನನ್ನ ಮಟ್ಟಿಗೆ .22 ಪಂಪ್‌ಗಳಲ್ಲಿ ಇಟ್ಟುಕೊಳ್ಳಲೂ ಹೊಡೆಯಲೂ ಇದೇ ಮೇಲು.

ರೆಮಿಂಗ್ಟನ್ ಮಾಡೆಲ್ 12 ಜಾನ್ ಪೆಡರ್ಸನ್ ಅವರ ಕೆಲಸ, 1909ರಿಂದ 1936ರ ತನಕ ಬಂತು. ಗಟ್ಟಿಮುಟ್ಟು, ಆದರೆ ಸಂಖ್ಯೆ ಜಾಸ್ತಿ ಇರುವುದರಿಂದ ಬೆಲೆ ಮಧ್ಯಮ.

ಈ .22ಗಳಲ್ಲಿ ಹಾಳಾಗುವ ಜಾಗ ಒಂದೇ ತರಹ. ಮಕ್ಕಳು ಆಟಕ್ಕೆಂದು ಖಾಲಿ ಕುದುರೆ ಹೊಡೆದಿದ್ದರೆ ಪಿನ್ನು ಕೋಣೆಯ ಅಂಚಿಗೆ ಬಡಿದು ಅಲ್ಲೊಂದು ತಗ್ಗು, ತಗ್ಗಿನ ಪಕ್ಕ ಒಂದು ಗಂಟು ಎದ್ದಿರುತ್ತದೆ. ಚಿಪ್ಪು ಒಳಗೆ ಹೋಗಲೂ ಹೊರಗೆ ಬರಲೂ ತಕರಾರು ಮಾಡುತ್ತದೆ. ಲಾಂಗ್ ರೈಫಲ್ ಕೋಣೆಯಲ್ಲಿ ವರ್ಷಗಟ್ಟಲೆ ಶಾರ್ಟ್ ಹೊಡೆದಿದ್ದರೆ ಚಿಪ್ಪಿನ ಬಾಯಿಯ ಮುಂದೆ ಉಂಗುರದಂತೆ ಕೊರೆದಿರುತ್ತದೆ, ಆಮೇಲೆ ಉದ್ದ ಚಿಪ್ಪು ಆ ಉಂಗುರಕ್ಕೆ ಸಿಕ್ಕಿ ಹೊರಬರುವುದಿಲ್ಲ. ನಳಿಗೆಯನ್ನೇ ಬದಲಿಸದೆ ಇದಕ್ಕೆ ಪರಿಹಾರವಿಲ್ಲ.

ದೊಡ್ಡ ಬೇಟೆಯವು

ಇಲ್ಲಿ ಮೊದಲು ಹೆಸರಿಸಬೇಕಾದದ್ದು 1884ರಿಂದ ಬಂದ ಕೋಲ್ಟ್ ಲೈಟ್ನಿಂಗ್. .32-20, .38-40, .44-40 ಬೋರಿನದು ಮಧ್ಯಮ ಚೌಕಟ್ಟು. ಇದಕ್ಕಿಂತ ದೊಡ್ಡ ಚೌಕಟ್ಟಿನದು 1887ರಿಂದ 1894ರ ತನಕ ಮಾತ್ರ ಬಂದಿದ್ದರಿಂದ ಬಹಳ ತುಟ್ಟಿ. ಕರಿಮದ್ದಿನ ಕಾಲದ ಉಕ್ಕು ಇದು, ಹೊಸ ಜೋರು ಮದ್ದಿನ ಕಾಡತೂಸು ಇದರಲ್ಲಿ ಹಾಕುವಂತಿಲ್ಲ. ಒಳಭಾಗ ನಾಜೂಕು, ಸರಿಮಾಡಲು ಗೊತ್ತಿರುವವರು ಕಡಿಮೆ. ಗೋಡೆಗೆ ಚಂದ ಅನ್ನೋಣ.

ನಿಜವಾದ ಬೇಟೆ ಪಂಪ್ ಅಂದರೆ ರೆಮಿಂಗ್ಟನ್ ಮಾಡೆಲ್ 14. 1912ರಲ್ಲಿ ಬಂತು, ಇದೂ ಪೆಡರ್ಸನ್ ಅವರದೇ. ಕೊಳವೆ ಮ್ಯಾಗಜಿನ್‌ನಲ್ಲಿ ಕಾಡತೂಸುಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಗುಂಡಿನ ಮೊನೆ ಚೂಪಾಗಿದ್ದರೆ ಬಂದೂಕು ಒದ್ದಾಗ ಮುಂದಿನ ಕಾಡತೂಸಿನ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿಗೆ ಚುಚ್ಚಿ ಕೊಳವೆಯೊಳಗೇ ಸಿಡಿಯುವ ಭಯ. ಅದಕ್ಕೆ ಪೆಡರ್ಸನ್ ಕೊಳವೆಯನ್ನೇ ಸುರುಳಿಯಾಗಿ ತಿರುಚಿದರು. ಒಂದೊಂದು ಕಾಡತೂಸೂ ಸ್ವಲ್ಪ ಓರೆಯಾಗಿ ಮಲಗಿ, ಮೊನೆ ಮುಂದಿನದರ ಕ್ಯಾಪಿನಿಂದ ಪಕ್ಕಕ್ಕೆ ಸರಿಯುತ್ತದೆ. ನಳಿಗೆಯ ಕೆಳಗೆ ತಿರುಚಿದ ಕೊಳವೆ ಕಂಡರೆ 14 ಅಥವಾ ಅದರ ತಮ್ಮ 141 ಎಂದು ದೂರದಿಂದಲೇ ಹೇಳಬಹುದು. ಇನ್ನೊಂದು ಗುರುತೂ ಇದೆ: ರಿಸೀವರ್, ಅಂದರೆ ಯಂತ್ರ ಕೂರುವ ಉಕ್ಕಿನ ಚೌಕಟ್ಟಿನ ಪಕ್ಕದಲ್ಲಿ ಹಿತ್ತಾಳೆಯ ಕಾಡತೂಸಿನ ತಳವನ್ನೇ ಕೂರಿಸಿ ಬೋರು ತೋರಿಸಿದ್ದಾರೆ. ಅದು ಬಿದ್ದುಹೋಗಿ ಬರೀ ತೂತು ಉಳಿದಿದ್ದರೆ, ಅಥವಾ ಯಾರೋ ಬೇರೆ ಚಿಪ್ಪು ಕೊಯ್ದು ಕೂರಿಸಿದ್ದರೆ ಬೆಲೆ ಇಳಿಯುತ್ತದೆ. ಅಲ್ಲಿ ಬರೆದಿರುವ ಬೋರೂ ನಳಿಗೆಯ ಮೇಲಿನ ಬೋರೂ ತಾಳೆಯಾಗದಿದ್ದರೆ ನಳಿಗೆ ಬದಲಾಗಿದೆ.

14 ಬಂದದ್ದು .25, .30, .32, .35 ರೆಮಿಂಗ್ಟನ್ ಬೋರಿನಲ್ಲಿ. ಈ ನಾಲ್ಕರಲ್ಲಿ ಇವತ್ತಿಗೂ ಅಮೆರಿಕದ ಕಾರ್ಖಾನೆಯಿಂದ ಬರುತ್ತಿರುವುದು .35 ಒಂದೇ, ಹೊಡೆಯುವವರಿಗೆ ಅದೇ ಬೇಕು. .25 ಕಡಿಮೆ ಸಿಗುತ್ತದೆ ಎಂದು ಸಂಗ್ರಾಹಕರು ಕೇಳುತ್ತಾರೆ. .30 ರೆಮಿಂಗ್ಟನ್‌ಗೆ ಪ್ರಸಿದ್ಧ .30-30ರಷ್ಟೇ ಬಲ, ಆದರೆ .30-30ಗೆ ತಳದಲ್ಲಿ ಅಂಚು ಇದೆ, ಇದಕ್ಕಿಲ್ಲ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಈ ರೈಫಲ್‌ನ ದುರ್ಬಲ ಜಾಗ ಆ ಚಂದದ ಸುರುಳಿ ಕೊಳವೆಯೇ. ಸಣ್ಣ ತಗ್ಗು ಬಿದ್ದರೂ ಕಾಡತೂಸು ಅಲ್ಲೇ ಕೂರುತ್ತದೆ. ಸಾದಾ ಕೊಳವೆಯಾದರೆ ಒಳಗೆ ಸರಳು ತೂರಿಸಿ ತಗ್ಗು ಎಬ್ಬಿಸಬಹುದು, ತಿರುಚಿದ್ದನ್ನು ಹಾಗೆ ಮಾಡಲಾಗದು, ಬದಲಿ ಕೊಳವೆ ಸಿಗುವುದೂ ಕಷ್ಟ. ಕೊಳ್ಳುವವರು ಮೊದಲು ಬೆರಳಾಡಿಸಬೇಕಾದದ್ದು ಅಲ್ಲಿ. 1930ರ ದಶಕದ ನಡುವಿನಲ್ಲಿ 141 ಇದರ ಜಾಗಕ್ಕೆ ಬಂದು 1950ರ ತನಕ ನಡೆಯಿತು. ಕಟ್ಟಿಗೆ ದಪ್ಪ, ನಳಿಗೆ ಉದ್ದ, ಒಳಗೆ ಅದೇ ಯಂತ್ರ.

1952ರ ರೆಮಿಂಗ್ಟನ್ 760 ಬೇರೆಯೇ ಜಾತಿ. ಕೊಳವೆ ಹೋಗಿ ಕೆಳಗೆ ಬಿಚ್ಚುವ ಪೆಟ್ಟಿಗೆ ಮ್ಯಾಗಜಿನ್ ಬಂತು, ಕೋಣೆಯ ಹಿಂಬದಿ ಮುಚ್ಚಿ, ತಿರುಗಿ ಬೀಗ ಹಾಕುವ ಬೋಲ್ಟ್ ಬಂತು. ಅದರಿಂದ .30-06, .270ರಂಥ ಜೋರಿನ ಕಾಡತೂಸು ಹಾಕಬಹುದಾಯಿತು. ಪೆನ್ಸಿಲ್ವೇನಿಯದಲ್ಲಿ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ನಿಷೇಧವಿದ್ದುದರಿಂದ ಅಲ್ಲಿನ ಜಿಂಕೆ ಬೇಟೆಗಾರರು ಇದನ್ನೇ ಅಪ್ಪಿಕೊಂಡರು. 1981ರ ತನಕ ರಾಶಿಗಟ್ಟಲೆ ಬಂತು. .30-06ರ ಸಾದಾ 760ಕ್ಕೆ ಅಲ್ಲಿ ಕೆಲವು ನೂರು ಡಾಲರ್ ಮಾತ್ರ. ಅದೇ ರೈಫಲ್ .222, .223 ಅಥವಾ .257 ರಾಬರ್ಟ್ಸ್ ಬೋರಿನದಾದರೆ ಲೆಕ್ಕವೇ ಬೇರೆ, ತಯಾರಾದದ್ದೇ ಕಡಿಮೆ. ಈ ಕಾರಣಕ್ಕೇ .30-06ರ ಚೌಕಟ್ಟಿಗೆ ಬೇರೆ ನಳಿಗೆ ಕೂರಿಸಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಮುಂಗೈ ಕಟ್ಟಿಗೆ ಸ್ವಲ್ಪ ಗಡಗಡ ಅನ್ನುವುದು 760ರ ಹುಟ್ಟುಗುಣ, ಅದಕ್ಕೆ ಬೆಲೆ ಕಡಿಯಬೇಕಿಲ್ಲ.

ರೆಮಿಂಗ್ಟನ್ ನಳಿಗೆಯ ವಯಸ್ಸು ತಿಳಿಯಲು 1921ರಿಂದ ಒಂದು ಗುಪ್ತಲಿಪಿ ಇದೆ. ನಳಿಗೆಯ ಎಡಬದಿ ರಿಸೀವರ್ ಹತ್ತಿರ ಎರಡು ಮೂರು ಇಂಗ್ಲಿಷ್ ಅಕ್ಷರ ಹೊಡೆದಿರುತ್ತಾರೆ. ಮೊದಲನೆಯದು ತಿಂಗಳು: ಜನವರಿಯಿಂದ ಡಿಸೆಂಬರ್ ತನಕ ಕ್ರಮವಾಗಿ ಬಿ, ಎಲ್, ಎ, ಸಿ, ಕೆ, ಪಿ, ಓ, ಡಬ್ಲ್ಯೂ, ಡಿ, ಇ, ಆರ್, ಎಕ್ಸ್. ಕೂಡಿಸಿ ಓದಿದರೆ 'ಬ್ಲ್ಯಾಕ್ ಪೌಡರ್ ಎಕ್ಸ್', ಮರೆಯುವ ಮಾತೇ ಇಲ್ಲ. ಮುಂದಿನ ಅಕ್ಷರ ವರ್ಷದ್ದು, ಅದಕ್ಕೆ ಪಟ್ಟಿ ನೋಡಬೇಕು. ನೆನಪಿರಲಿ, ಇದು ಹೇಳುವುದು ನಳಿಗೆಯ ಹುಟ್ಟನ್ನು, ಇಡೀ ಬಂದೂಕಿನದನ್ನಲ್ಲ. ವಿಂಚೆಸ್ಟರ್‌ಗೆ 1905ರಿಂದ ಡಬ್ಲ್ಯೂ, ಪಿ ಎರಡಕ್ಷರ ಕೂಡಿಸಿದ ಅಂಡಾಕಾರದ ಮುದ್ರೆ ಇದೆ, ನಳಿಗೆಯ ಮೇಲೂ ರಿಸೀವರ್ ಮೇಲೂ. ಒಂದರ ಮೇಲಿದ್ದು ಇನ್ನೊಂದರ ಮೇಲಿಲ್ಲದಿದ್ದರೆ ಅನುಮಾನಿಸಿ. ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಪ್ರೂಫ್ ಮುದ್ರೆ, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಹೊಡೆದ ಗುರುತು, ಇದ್ದರೆ ಬಂದೂಕು ಇಂಗ್ಲೆಂಡಿನ ಹಾದಿಯಲ್ಲಿ ಬಂದದ್ದು. ಮುಂಬೈಯ ಆರ್ಮಿ ಅಂಡ್ ನೇವಿ, ಕಲಕತ್ತೆಯ ಮ್ಯಾಂಟನ್‌ರಂಥ ಅಂಗಡಿಯ ಹೆಸರು ನಳಿಗೆಯ ಮೇಲಿದ್ದರೆ ಅದನ್ನು ಉಜ್ಜಬೇಡಿ, ಭಾರತದಲ್ಲಿ ಅದರ ಇತಿಹಾಸವೇ ಆ ಒಂದು ಸಾಲು.

ಹೊಳಪೇ ಶತ್ರು

ಮನೆಯವರು ಮಾರುವ ಮೊದಲು ಮಾಡುವ ಕೆಲಸ, ಬಂದೂಕನ್ನು 'ಹೊಸದು ಮಾಡಿಸುವುದು'. ಪಾಲಿಶ್ ಚಕ್ರಕ್ಕೆ ಹಿಡಿದು ಹೊಸ ಕಪ್ಪು ಹಾಕಿಸುತ್ತಾರೆ, ಕಟ್ಟಿಗೆಯನ್ನು ಉಪ್ಪುಕಾಗದದಿಂದ ಉಜ್ಜಿ ವಾರ್ನಿಶ್ ಬಳಿಯುತ್ತಾರೆ. ಸಂಗ್ರಾಹಕನ ಲೆಕ್ಕದಲ್ಲಿ ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ಕಿಮ್ಮತ್ತು ಹೋಯಿತು. ಬಳಕೆಯಿಂದ ಬೂದಿಬಣ್ಣಕ್ಕೆ ತಿರುಗಿದ ಉಕ್ಕಿಗೆ ಬೆಲೆ ಇದೆ, ಮಿಂಚುವ ಹೊಸ ಕಪ್ಪಿಗಿಲ್ಲ. ಕಪ್ಪು ಹೊಸದೋ ಹಳೆಯದೋ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಅಕ್ಷರಗಳ ಅಂಚು ಉಗುರಿಗೆ ಚೂಪಾಗಿ ತಾಗಬೇಕು. ಕರಗಿದಂತಿದ್ದರೆ ಪಾಲಿಶ್ ಆಗಿದೆ. ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗಿದ್ದರೆ, ಕಪ್ಪಿನ ಕೆಳಗೆ ಹಳೆಯ ತುಕ್ಕಿನ ಗುಳಿ ಕಂಡರೆ, ಕಾರ್ಖಾನೆ ಬಿಳಿಯಾಗೇ ಬಿಟ್ಟಿದ್ದ ಬೋಲ್ಟ್ ಕೂಡ ಕಪ್ಪಾಗಿದ್ದರೆ, ಎಲ್ಲ ಒಂದೇ ಕಥೆ ಹೇಳುತ್ತವೆ. ಮೂಲ ಕಟ್ಟಿಗೆ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಲೋಹಕ್ಕಿಂತ ತಗ್ಗಿದರೆ ಉಜ್ಜಿದ್ದಾರೆ. ರಬ್ಬರ್ ಪ್ಯಾಡಿಗಾಗಿ ಕೊಯ್ದ ಹಿಂಭಾಗ, ದುರ್ಬೀನಿಗಾಗಿ ಕೊರೆದ ತೂತು, ಪಟ್ಟಿಗಾಗಿ ಹಾಕಿದ ಕೊಂಡಿ, ಒಂದೊಂದಕ್ಕೂ ಬೆಲೆ ಇಳಿಯುತ್ತದೆ. ಪಾಲಿಶ್ ಮಾಡುವಾಗ ನಂಬರು ಅಳಿಸಿಹೋದರಂತೂ ಬೆಲೆಯ ಮಾತು ಬಿಡಿ: ಗುರುತಿನ ನಂಬರು ಅಳಿಸುವುದೂ ನಂಬರಿಲ್ಲದ ಬಂದೂಕು ಮಾರುವುದೂ ಶಸ್ತ್ರ ಕಾಯ್ದೆಯಲ್ಲಿ ಅಪರಾಧ, ಅಂಥದು ಯಾರ ಬಳಿ ಇದೆಯೋ ಅಳಿಸಿದವರು ಅವರೇ ಎಂದು ಕಾನೂನು ಹಿಡಿಯುತ್ತದೆ.

ನಳಿಗೆಯ ಬಾಯಿಯನ್ನು ವಿಶೇಷವಾಗಿ ನೋಡಬೇಕು. ಬೋಲ್ಟ್ ರೈಫಲ್‌ಗಾದರೆ ಹಿಂದಿನಿಂದ ಸರಳು ತೂರಿಸಿ ಒರೆಸಬಹುದು. ಪಂಪ್ ರೈಫಲ್ ಹಿಂದೆ ಮುಚ್ಚಿದ್ದು, ಬಿಚ್ಚದೆ ಒರೆಸುವುದಾದರೆ ಸರಳು ಬಾಯಿಂದಲೇ ಹೋಗಬೇಕು. ಐವತ್ತು ವರ್ಷ ಬಗ್ಗಿದ ಸರಳು ಉಜ್ಜಿ ಬಾಯಿಯ ಗೀರುಗಳು ಒಂದು ಬದಿಗೆ ಸವೆದಿರುತ್ತವೆ, ಆಮೇಲೆ ಗುರಿ ನಿಲ್ಲುವುದಿಲ್ಲ. ಒಳಗೆ ಕಪ್ಪು ಗುಳಿಗಳಿದ್ದರೆ ಅದು ಹಳೆಯ ಕ್ಯಾಪ್‌ಗಳ ಕರಾಮತ್ತು: ಆ ಕಾಲದ ಕ್ಯಾಪಿನ ರಸಾಯನ ಉರಿದ ಮೇಲೆ ಉಪ್ಪು ಬಿಡುತ್ತಿತ್ತು, ಉಪ್ಪು ತೇವ ಎಳೆದು ಉಕ್ಕನ್ನು ತಿನ್ನುತ್ತಿತ್ತು. ಎಣ್ಣೆ ಒರೆಸಿದರೆ ಉಪ್ಪು ಹೋಗುವುದಿಲ್ಲ, ಬಿಸಿನೀರೇ ಬೇಕು. ನೀರು ಅಂದರೆ ಹೆದರಿ ಎಣ್ಣೆ ಮಾತ್ರ ಬಳಿದ ಮನೆಗಳ ಬಂದೂಕುಗಳೇ ಹೆಚ್ಚು ಹಾಳಾಗಿವೆ.

ಎಣ್ಣೆಯ ಮಾತು ಬಂತಲ್ಲ. ವಿಜಯಪುರ, ಬಾಗಲಕೋಟೆ ಕಡೆ ಅಡಿಗೆಮನೆಯ ಕುಸುಬಿ ಎಣ್ಣೆಯನ್ನೇ ಬಂದೂಕಿಗೂ ಹಚ್ಚುವವರಿದ್ದಾರೆ, ಕೆಲವರು ಅಗಸಿ ಎಣ್ಣೆ. ಎರಡೂ ಗಾಳಿಗೆ ಒಣಗಿ ಅಂಟಾಗುವ ಎಣ್ಣೆಗಳು, ಬಣ್ಣ ತಯಾರಿಸಲು ಬಳಸುವುದೂ ಅದೇ ಗುಣಕ್ಕೆ. ಎರಡು ಬೇಸಿಗೆ ಕಳೆದರೆ ಪಂಪ್‌ನ ಒಳಗೆ ಕಂದು ಗೋಂದು ಕೂತು ಕಟ್ಟಿಗೆ ಎಳೆಯಲು ಬರುವುದಿಲ್ಲ. 'ಜಾಮ್ ಆಗೇತಿ' ಎಂದು ಸುತ್ತಿಗೆ ಹಿಡಿಯುವ ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಗೋಂದು ಕರಗಿಸಿ ನೋಡಬೇಕು. ಹಚ್ಚಬೇಕಾದದ್ದು ತೆಳುವಾದ ಖನಿಜ ಎಣ್ಣೆ, ಅದೂ ಬಟ್ಟೆಯಲ್ಲಿ ಒರೆಸುವಷ್ಟು. ಜಾಸ್ತಿಯಾದರೆ ಎಣ್ಣೆ ಹಿಂದಕ್ಕೆ ಇಳಿದು ಕಟ್ಟಿಗೆಯ ತಲೆ ಕಪ್ಪಾಗಿ ಮೆತ್ತಗಾಗುತ್ತದೆ, ಒದೆತಕ್ಕೆ ಅಲ್ಲೇ ಸೀಳುತ್ತದೆ.

ಖಂಡೇನವಮಿಯ ಪೂಜೆ ಬೇಡ ಅನ್ನಲು ಸಾಧ್ಯವಿಲ್ಲ, ಅನ್ನಬೇಕಾಗಿಯೂ ಇಲ್ಲ. ಆದರೆ ಹೋಳು ಮಾಡಿದ ನಿಂಬೆಹಣ್ಣನ್ನು ಉಕ್ಕಿನ ಮೇಲೆ ಇಡಬೇಡಿ. ಬಂದೂಕಿನ ಕಪ್ಪು ಅನ್ನುವುದು ಕಬ್ಬಿಣದ ಆಕ್ಸೈಡಿನ ತೆಳುಪದರ, ಹುಳಿ ಬಿದ್ದರೆ ಕರಗಿಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಬಿಳಿ ಕಲೆ, ಅದರ ಮೇಲೆ ಕೆಂಪು ತುಕ್ಕು. ರಿಸೀವರ್ ಮೇಲೆ ಅಂಥ ದುಂಡು ಕಲೆ ಇದ್ದರೆ ಕಾರಣ ಊಹಿಸಬಹುದು. ಒದ್ದೆ ಅರಿಷಿಣ ಕುಂಕುಮ ಕಟ್ಟಿಗೆಯ ಕೆತ್ತನೆಯೊಳಗೆ ಇಳಿದರೆ ಹೊರಡುವುದಿಲ್ಲ. ಬಟ್ಟೆ ಹಾಸಿ ಬಂದೂಕನ್ನು ಅದರ ಮೇಲಿಟ್ಟು, ಕುಂಕುಮ ಹೂವನ್ನು ಬಟ್ಟೆಗೆ ಏರಿಸಿ, ಸಂಜೆಯೇ ಒರೆಸಿ ಎಣ್ಣೆ ಕೈ ಆಡಿಸಿದರೆ ದೇವರಿಗೂ ಬೇಸರವಿಲ್ಲ.

ಇಡುವ ಜಾಗದ ವಿಷಯದಲ್ಲಿ ಬೆಳಗಾವಿ, ಖಾನಾಪುರದ ಕಷ್ಟ ಬೇರೆ, ವಿಜಯಪುರದ ಕಷ್ಟ ಬೇರೆ. ಮಳೆಗಾಲದ ಖಾನಾಪುರದಲ್ಲಿ ಚರ್ಮದ ಚೀಲದೊಳಗಿಟ್ಟ ಬಂದೂಕಿಗೆ ಚೀಲವೇ ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ. ಚೀಲ ಬಿಚ್ಚಿ, ಸಿಲಿಕಾ ಜೆಲ್ ಇಟ್ಟ ಉಕ್ಕಿನ ಕಪಾಟಿನಲ್ಲಿ ಇಡಬೇಕು, ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಟ್ಟಿಗೆ ಕುಗ್ಗಿ, ಹಿಡಿಯ ಸಣಕಲು ಜಾಗದಲ್ಲಿ ಬಿರುಕು ಬಿಡುತ್ತದೆ. ಪತ್ರಾಸಿನ ಮಾಡಿನ ಅಟ್ಟದ ಮೇಲಂತೂ ಇಡಲೇಬಾರದು.

ಕಾಗದ

ಇನ್ನು ನಿಜವಾದ ಕಿಮ್ಮತ್ತು. ಲೈಸೆನ್ಸ್‌ದಾರ ತೀರಿಕೊಂಡ ಮೇಲೆ ಬಂದೂಕು ಸುಮ್ಮನೆ ಮನೆಯಲ್ಲಿದ್ದರೆ ಅದು ಆಸ್ತಿಯಲ್ಲ, ಕೇಸು. ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಿ ರಸೀದಿ ಪಡೆದು, ವಾರಸುದಾರ ಅರ್ಜಿ ಹಾಕಬೇಕು, ಉಳಿದ ವಾರಸುದಾರರ ತಕರಾರಿಲ್ಲವೆಂಬ ಪತ್ರ ಜೊತೆಗಿರಲಿ. ಬಾಗಲಕೋಟೆ, ವಿಜಯಪುರದಲ್ಲಿ ಜಿಲ್ಲಾಧಿಕಾರಿ ಕಚೇರಿ, ಬೆಳಗಾವಿ ಶಹರದಲ್ಲಿ ಪೊಲೀಸ್ ಆಯುಕ್ತರ ಕಚೇರಿ. 2016ರ ಶಸ್ತ್ರ ನಿಯಮಗಳ ಪ್ರಕಾರ 70 ವರ್ಷ ದಾಟಿದವರು, ಅಥವಾ 25 ವರ್ಷ ಬಂದೂಕು ಇಟ್ಟುಕೊಂಡವರು ಬದುಕಿದ್ದಾಗಲೇ ವಾರಸುದಾರರಿಗೆ ಕೊಡಲು ಅರ್ಜಿ ಹಾಕಬಹುದು. ಹಿರಿಯರು ಇರುವಾಗಲೇ ಈ ಕೆಲಸ ಮುಗಿಸುವುದು ಬುದ್ಧಿವಂತಿಕೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದನ್ನು ಕೇಳಿ 'ನಮಗೂ ಇರಬೇಕು' ಅನ್ನುವವರಿಗೆ ಉತ್ತರ: ಇಲ್ಲ.

ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಬೆಲೆಯನ್ನೇ ತಿರುವಿಹಾಕಿತು. ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು, ಹಿರಿಯರಿಂದ ಬಂದದ್ದೂ ಆ ಎರಡರೊಳಗೇ. ಲೈಸೆನ್ಸ್‌ನಲ್ಲಿ ಇರುವ ಎರಡು ಜಾಗದಲ್ಲಿ ಒಂದು 12 ಬೋರಿಗೆ, ಇನ್ನೊಂದು ರಿವಾಲ್ವರಿಗೆ ಹೋದರೆ ಕಾಡತೂಸು ಸಿಗದ .25 ರೆಮಿಂಗ್ಟನ್‌ಗೆ ಜಾಗ ಕೊಡುವವರು ಯಾರು? ಅದಕ್ಕೇ ನಮ್ಮಲ್ಲಿ ಅಪರೂಪದ ಬೋರು ಅಂದರೆ ಬೆಲೆ ಏರುವ ಬದಲು ಗಿರಾಕಿ ಕಡಿಮೆಯಾಗುತ್ತಾರೆ. .22 ಲಾಂಗ್ ರೈಫಲ್ ಕಾಡತೂಸು ನಮ್ಮ ಸರ್ಕಾರಿ ಕಾರ್ಖಾನೆಯದೇ ಸಿಗುತ್ತದೆ, ಗುರಿ ಅಭ್ಯಾಸಕ್ಕೂ ನಡೆಯುತ್ತದೆ, ಹಾಗಾಗಿ ಸುಸ್ಥಿತಿಯ 61 ಅಥವಾ 62ಕ್ಕೆ ಇಲ್ಲಿ ಕೊಳ್ಳುವವರಿದ್ದಾರೆ. ವಿದೇಶಿ ಬಂದೂಕು ತರಿಸುವುದು ಸಾಮಾನ್ಯರಿಗೆ ಆಗದ ಮಾತಾದ್ದರಿಂದ ಅಂಥದಕ್ಕೆ ಅಮೆರಿಕಕ್ಕಿಂತ ಹೆಚ್ಚೇ ಕೇಳಿದರೂ ಕೊಡುತ್ತಾರೆ. ಕಾಡುಹಂದಿಗೆ ಬೇಕು ಎಂದು ಕೊಳ್ಳುವ ಯೋಚನೆ ಇದ್ದರೆ ಬಿಡಿ, 1972ರ ವನ್ಯಜೀವಿ ಕಾಯ್ದೆ ಇದೆ.

ನೂರು ವರ್ಷ ದಾಟಿದ್ದು, ಲೈಸೆನ್ಸ್ ಬೇಡ ಅನ್ನುವ ನಂಬಿಕೆಯೂ ಚಾಲ್ತಿಯಲ್ಲಿದೆ. ಅಮೆರಿಕದಲ್ಲಿ 1898ರ ತನಕ ತಯಾರಾದವಕ್ಕೆ ಸಡಿಲಿಕೆ ಇದೆ, ಯೂಟ್ಯೂಬಿನಲ್ಲಿ ಕೇಳಿದ್ದು ಅದನ್ನೇ. ನಮ್ಮ 1959ರ ಶಸ್ತ್ರ ಕಾಯ್ದೆ ಬಿಡುವುದು ರಿಪೇರಿ ಮಾಡಿದರೂ ಹಾರದ ಹಳೆಯ ಆಯುಧವನ್ನು ಮಾತ್ರ. 1890ರ ವಿಂಚೆಸ್ಟರ್ ಇವತ್ತಿಗೂ ಹಾರುತ್ತದೆ, ಆದ್ದರಿಂದ ಲೈಸೆನ್ಸ್ ಬೇಕೇ ಬೇಕು. ನೂರು ವರ್ಷ ದಾಟಿದ್ದನ್ನು ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೂ ಇಲ್ಲ. ಅಮೆರಿಕದ ಹರಾಜಿನ ಕನಸು ಅಲ್ಲಿಗೆ ಮುಗಿಯಿತು.

ಮಾರುವುದಾದರೆ ಕೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಮುಂಗಡ ತೆಗೆದುಕೊಂಡು ಬಂದೂಕು ಕೈಗೆ ಕೊಟ್ಟು 'ಕಾಗದ ಆಮ್ಯಾಲ ಮಾಡೋಣು' ಅನ್ನುವ ವ್ಯವಹಾರದಲ್ಲಿ ಸಿಕ್ಕಿಬೀಳುವುದು ಮಾರಿದವನೇ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಹತ್ತಾರು ಬಂದೂಕು ಒಂದರ ಮೇಲೊಂದು ಒರಗಿ ನಿಂತರೆ ಸುರುಳಿ ಕೊಳವೆಗೆ ತಗ್ಗು ಬೀಳಲು ಅಷ್ಟೇ ಸಾಕು. ಸಾಧ್ಯವಿದ್ದರೆ ಡೀಲರ್ ಬಳಿ ಇಡಿ. ಇಲ್ಲವೇ ದಪ್ಪ ಬಟ್ಟೆ ಸುತ್ತಿ, ನಾಲ್ಕೂ ಕಡೆಯ ಫೋಟೊ ತೆಗೆದು, ರಸೀದಿಯಲ್ಲಿ ನಂಬರು ಸರಿಯಾಗಿ ಬರೆಸಿಕೊಂಡು ಬನ್ನಿ.

ಬಂದೂಕಿನ ಜೊತೆ ಹಳೆಯ ಕಾಡತೂಸಿನ ಡಬ್ಬಿಯೂ ಸಿಗುವುದುಂಟು. ಬಣ್ಣದ ಮೂಲ ರಟ್ಟಿನ ಡಬ್ಬಿಗೆ ಸಂಗ್ರಾಹಕರಲ್ಲಿ ಪ್ರತ್ಯೇಕ ಬೆಲೆಯೇ ಇದೆ, ಖಾಲಿ ಡಬ್ಬಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಒಳಗಿನ ಕಾಡತೂಸಿಗೆ ಮಾತ್ರ ಬಂದೂಕಿನಷ್ಟೇ ಕಾನೂನು: ಲೈಸೆನ್ಸ್‌ನಲ್ಲಿ ಆ ಬೋರು ಇಲ್ಲದಿದ್ದರೆ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ, ಬಂದೂಕಿನ ಜೊತೆಗೇ ಎಣಿಸಿ ಒಪ್ಪಿಸಿ ರಸೀದಿಯಲ್ಲಿ ಬರೆಸಬೇಕು. ಹಸಿರು ಕಿಲುಬು ಹಿಡಿದವನ್ನು ಉಜ್ಜಿ ಹೊಳಪು ಮಾಡಲೂಬೇಡಿ, ಹಾರುತ್ತದೋ ಎಂದು ಪರೀಕ್ಷಿಸಲೂಬೇಡಿ.